ಮೊಳೆ ತೂತುಗಳು ಹೇಳಿದ ಹೆಸರು

ಓದುಗರ ಪತ್ರ: ಫ್ರಾನ್ಸಿನ ನೀಮ್ ಪಟ್ಟಣದ ರೋಮನ್ ದೇವಾಲಯದ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ನೋಡಿದೆ. ಎರಡು ಸಾವಿರ ವರ್ಷದ ಕಟ್ಟಡ ಅಂತೀರಿ, ಮೊನ್ನೆ ಮೊನ್ನೆ ಕಟ್ಟಿದ ಹಾಗಿದೆ. ಪೂರ್ತಿ ಹೊಸದಾಗಿ ಕಟ್ಟಿದ್ದಲ್ವಾ? ಮೇಲೆ ಒಂದು ಅಕ್ಷರವೂ ಇಲ್ಲ. ಯಾರ ಹೆಸರಿನಲ್ಲಿ ಕಟ್ಟಿದ್ದು ಅಂತ ಹೇಗೆ ಗೊತ್ತಾಯಿತು?

ಸಂಪಾದಕರ ಉತ್ತರ: ನಿಮ್ಮ ಅನುಮಾನ ಸಹಜ. ಆದರೆ ಗೋಡೆ, ಕಂಬಗಳಲ್ಲಿ ಬಹುಪಾಲು ಹಳೆಯ ಕಲ್ಲೇ ಇದೆ. ಮೇಜೋನ್ ಕಾರೇ ಅಂತ ಅದರ ಹೆಸರು. ಸುಣ್ಣಕಲ್ಲಿನ ಕಟ್ಟಡ, ಸುಮಾರು 26 ಮೀಟರ್ ಉದ್ದ. ಒಟ್ಟು 30 ಕಂಬಗಳು, ಅದರಲ್ಲಿ 20 ಗೋಡೆಗೆ ಅಂಟಿಕೊಂಡಿವೆ.

ಅಕ್ಷರಗಳ ವಿಷಯ ನನಗೆ ತುಂಬಾ ಇಷ್ಟ. ಕಂಚಿನ ಅಕ್ಷರಗಳನ್ನು ಮೊಳೆ ಹೊಡೆದು ಕೂರಿಸಿದ್ದರು. ಮುಂದೆ ಯಾವಾಗಲೋ ಯಾರೋ ಅವನ್ನು ಕಿತ್ತುಕೊಂಡು ಹೋದರು. ಕಲ್ಲಿನಲ್ಲಿ ತೂತುಗಳಷ್ಟೇ ಉಳಿದವು. 1758ರಲ್ಲಿ ಅದೇ ಊರಿನ ವಿದ್ವಾಂಸ ಝಾನ್ ಫ್ರಾನ್ಸ್ವಾ ಸೆಗಿಯೇ ಸಾರುವೆ ಹತ್ತಿ, ಆ ತೂತುಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಂಡರು. ಯಾವ ಅಕ್ಷರಕ್ಕೆ ಎಲ್ಲೆಲ್ಲಿ ಮೊಳೆ ಬೇಕು ಅಂತ ಒಂದೊಂದನ್ನೇ ಹೊಂದಿಸಿ ನೋಡಿದರು. ಕೊನೆಗೆ ಎರಡು ಹೆಸರು ಸಿಕ್ಕವು: ಗೈಯಸ್, ಲೂಸಿಯಸ್. ಚಕ್ರವರ್ತಿ ಅಗಸ್ಟಸ್ ದತ್ತು ತೆಗೆದುಕೊಂಡಿದ್ದ ಮೊಮ್ಮಕ್ಕಳು ಇವರು. ಲೂಸಿಯಸ್ ಕ್ರಿ.ಶ. 2ರಲ್ಲಿ ತೀರಿಕೊಂಡ, ಅದೂ ಹತ್ತಿರದ ಮಾರ್ಸೇಯಲ್ಲೇ. ಎರಡು ವರ್ಷಕ್ಕೆ ಅಣ್ಣನೂ ಹೋದ. ಅಧಿಕಾರಕ್ಕೆ ಬರಬೇಕಾಗಿದ್ದ ಎಳೆಯ ಹುಡುಗರು. ಆ ತೂತುಗಳ ಹಿಂದೆ ಒಂದು ಮನೆಯ ದುಃಖವೂ ಇದೆ ಅನ್ನಿಸುತ್ತದೆ.

ಇನ್ನು ಅದು ಉಳಿದಿದ್ದು ಹೇಗೆ? ಸುಮ್ನೆ ಬಿಟ್ಟಿದ್ದರೆ ಊರವರು ಕಲ್ಲು ಹೊತ್ತುಕೊಂಡು ಹೋಗುತ್ತಿದ್ದರು. ಬಳಸಿದ್ದರಿಂದ ಉಳಿಯಿತು. ಮನೆ, ಕುದುರೆ ಲಾಯ, ಕ್ರೈಸ್ತ ಸನ್ಯಾಸಿಗಳ ಚರ್ಚು, ಸರ್ಕಾರಿ ದಾಖಲೆಗಳ ಕೋಣೆ, ಮ್ಯೂಸಿಯಂ ಎಲ್ಲವೂ ಆಯಿತು. ಒತ್ತಿಕೊಂಡಿದ್ದ ಕಟ್ಟಡಗಳನ್ನು 19ನೇ ಶತಮಾನದಲ್ಲಿ ಕೆಡವಿದರು. ಮುಂಭಾಗದ ಚಾವಣಿ ಆಮೇಲೆ ಹಾಕಿದ್ದು, ಬಾಗಿಲು 1824ರದು. ಹಾಗಾಗಿ ‘ಹೊಸದು’ ಅಂದಿದ್ದು ಆ ಮಟ್ಟಿಗೆ ನಿಜ.

ನೀವು ನೋಡಿದ ಬಿಳುಪು ಇತ್ತೀಚಿನದು. 2006ರಿಂದ 2010ರವರೆಗೆ ಕಲ್ಲಿನ ಕಪ್ಪು ಕೊಳೆ ತೆಗೆದು ರಿಪೇರಿ ಮಾಡಿದರು. 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ತೂತುಗಳನ್ನು ಮಾತ್ರ ಯಾರೂ ಮುಚ್ಚಿಲ್ಲ. ಹೊಸ ಅಕ್ಷರ ಕೂರಿಸಲೂ ಇಲ್ಲ. ಅದೇ ಸರಿ ಅಂತ ನನ್ನ ಅಭಿಪ್ರಾಯ.

ನಾವು ಹಾಕಿದ್ದ ಚಿತ್ರ ತೀರಾ ಚಿಕ್ಕದಾಯಿತು, ಕ್ಷಮಿಸಿ. ಮುಂದಿನ ಸಂಚಿಕೆಯಲ್ಲಿ ದೊಡ್ಡದಾಗಿ ಹಾಕುತ್ತೇವೆ. ಕಂಬಗಳ ಮೇಲಿನ ಅಡ್ಡ ಪಟ್ಟಿಯನ್ನು ನೋಡಿ, ತೂತುಗಳು ಕಾಣುತ್ತವೆ.