ಬರೆಯುವವರೊಡನೆ: ಅಜ್ಜನ ಸುರಂಗಕ್ಕೆ ಇಷ್ಟೊಂದು ವಿಶೇಷಣ ಯಾಕೆ?

ಪ್ರಶ್ನೆ: ಟೀಚರೇ, ನೀರಿಗಾಗಿ ಗುಡ್ಡದಲ್ಲಿ ಸುರಂಗ ತೋಡುತ್ತಿದ್ದ ನಮ್ಮಜ್ಜನ ಬಗ್ಗೆ ಒಂದು ಕತೆ ಬರೆದು ಸ್ಪರ್ಧೆಗೆ ಕಳಿಸಿದ್ದೆ. ‘ವರ್ಣನೆ ಜಾಸ್ತಿ, ಕತೆಯೇ ಕಾಣುವುದಿಲ್ಲ’ ಎಂದು ವಾಪಸು ಬಂತು. ಮೊದಲ ಪುಟ ಜೊತೆಗಿಟ್ಟಿದ್ದೇನೆ. ಏನು ಮಾಡಲಿ?
– ಓದುಗಿ, ಪೆರ್ಲ

ಉತ್ತರ: ಪುಟ ಓದಿದೆ. ತೀರ್ಪುಗಾರರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವರ್ಣನೆ ಜಾಸ್ತಿಯಾದದ್ದಲ್ಲ, ಅದು ಯಾರದ್ದೂ ಅಲ್ಲದ ವರ್ಣನೆ. ‘ಗಾಢಾಂಧಕಾರ’, ‘ಭೀಕರ ಮೌನ’, ‘ಸಾವಿನ ಬಾಯಿ’ ಇವನ್ನೆಲ್ಲ ಸುರಂಗದ ಹತ್ತಿರವೂ ಸುಳಿಯದವರು ಬರೆದಾರು. ನಿಮ್ಮಜ್ಜನಿಗೆ ಮಾತ್ರ ಗೊತ್ತಿದ್ದ ಸಂಗತಿ ಒಂದೂ ಆ ಪುಟದಲ್ಲಿಲ್ಲ. ನನಗೆ ಬೇಜಾರಾದದ್ದು ಅದಕ್ಕೇ.

ಅಜ್ಜ ಇದ್ದರೆ ಅವರ ಹತ್ತಿರ, ಇಲ್ಲದಿದ್ದರೆ ಅವರ ಹಿಂದೆ ಮಣ್ಣು ಹೊತ್ತವರ ಹತ್ತಿರ ಹೋಗಿ ಕೂತುಕೊಳ್ಳಿ. ಕೆಲಸ ಹೇಗೆ ಶುರುವಾಗುತ್ತಿತ್ತು, ಆಮೇಲೇನು ಎಂದು ಸಾಲಾಗಿ ಕೇಳಿ. ಗುಡ್ಡದ ಈ ಬದಿಯಲ್ಲೇ ನೀರಿದೆ ಎಂದು ಯಾವ ಗಿಡ ನೋಡಿ ಹೇಳಿದರು? ಸುರಂಗ ಬಾವಿಯ ಹಾಗೆ ಕೆಳಗಿಳಿಯುವುದಲ್ಲ, ಮುರಕಲ್ಲು ಎಂಬ ಕೆಂಪು ಕಲ್ಲಿನ ಗುಡ್ಡದೊಳಕ್ಕೆ ಅಡ್ಡ ಹೋಗುವುದು. ನೀರು ತಾನಾಗಿ ಹೊರಗೆ ಹರಿಯಬೇಕಾದರೆ ನೆಲ ಬಾಯಿಯ ಕಡೆಗೆ ತುಸು ತಗ್ಗಿರಬೇಕು. ಆ ತಗ್ಗನ್ನು ಕತ್ತಲೆಯಲ್ಲಿ ಹೇಗೆ ನೋಡಿಕೊಂಡರು? ಅಷ್ಟು ಇಕ್ಕಟ್ಟಿನಲ್ಲಿ ಪಿಕ್ಕಾಸು ಬೀಸಿದ್ದು ಹೇಗೆ? ತೋಡಿದವರ ತಲೆಮಾರು ಮುಗಿಯುತ್ತಾ ಬಂದಿದೆ, ಕೇಳುವುದಿದ್ದರೆ ಈ ರಜೆಯಲ್ಲೇ ಕೇಳಿ.

ನಿಮ್ಮ ಪುಟದ ಕೊನೆಯಲ್ಲಿ ಮೇಣದ ಬತ್ತಿಯೊಂದು ಸುಮ್ಮನೆ ಬಂದು ಹೋಗುತ್ತದೆ. ನಿಮ್ಮ ಕತೆ ಇರುವುದು ಅಲ್ಲಿ. ಒಳಗೆ ಹೋದಷ್ಟೂ ಗಾಳಿ ಕಡಿಮೆ, ಬತ್ತಿಯ ಕುಡಿ ಸಣ್ಣದಾದರೆ ಕೆಲಸ ಬಿಟ್ಟು ಹೊರಗೆ ಬರಬೇಕು. ಈಗ ಹೀಗೆ ಬರೆದು ನೋಡಿ:

‘ಕುಡಿ ಸಣ್ಣದಾಯಿತು. ಅಜ್ಜ ಪಿಕ್ಕಾಸು ಕೆಳಗಿಟ್ಟು ಗೋಡೆ ಮುಟ್ಟಿದರು. ಕಲ್ಲು ತಣ್ಣಗೆ ಅಂಟುತ್ತಿತ್ತು. ಸುಗ್ಗಿಯ ಮೊದಲು ನೀರು ಕಾಣಿಸುತ್ತೇನೆಂದು ಧನಿಗಳಿಗೆ ಮಾತು ಕೊಟ್ಟಾಗಿತ್ತು. ಮತ್ತೆ ಪಿಕ್ಕಾಸು ಎತ್ತಿಕೊಂಡರು.’

ಭಯ ಎಂಬ ಪದ ಇಲ್ಲಿಲ್ಲ. ಆದರೂ ಓದುವವರು ಬತ್ತಿಯನ್ನೇ ನೋಡುತ್ತಿರುತ್ತಾರೆ. ಇಡೀ ಕತೆಯನ್ನು ಒಮ್ಮೆ ಹೀಗೆ, ಮನಸ್ಸಿನ ಭಾವಕ್ಕೆ ಹೆಸರಿಡದೆ, ಕೈ ಮಾಡಿದ್ದನ್ನು ಮಾತ್ರ ಹೇಳಿ ಬರೆಯಿರಿ. ಬರೆದದ್ದನ್ನು ಆ ಕೆಲಸ ಬಲ್ಲವರ ಎದುರು ಗಟ್ಟಿಯಾಗಿ ಓದಿ. ಅವರು ‘ಹಾಗಲ್ಲ ಮಗಾ’ ಎಂದು ತಡೆದ ಕಡೆ ಗುರುತು ಹಾಕಿಕೊಳ್ಳಿ. ಅಲ್ಲಿ ನಿಮಗೆ ಹೊಸ ಪ್ಯಾರಾ ಸಿಗುತ್ತದೆ.

ಪ್ರಶ್ನೆ: ನನ್ನ ಕತೆಯವರು ಮನೆಯಲ್ಲಿ ಹವ್ಯಕ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಮಾತಾಡುವವರು. ಎಲ್ಲವನ್ನೂ ಹಾಗೇ ಬರೆದರೆ ಮೈಸೂರಿನವರಿಗೆ ತಿಳಿದೀತೇ?
– ಓದುಗ, ಬದಿಯಡ್ಕ

ಉತ್ತರ: ಎಲ್ಲವೂ ಬೇಡ. ಯಾರು, ಯಾವಾಗ, ಯಾರೆದುರು ಭಾಷೆ ಬದಲಿಸುತ್ತಾರೆ ಎಂಬುದನ್ನು ಬಿಡಬೇಡಿ. ಮನೆಯಲ್ಲಿ ಗುಡುಗುವ ಅಪ್ಪ ವಿಲ್ಲೇಜ್ ಆಫೀಸಿನ ಕಿಟಕಿಯೆದುರು ಮಲಯಾಳಕ್ಕೆ ತಿರುಗಿದ ಕೂಡಲೇ ದನಿ ತಗ್ಗಿದರೆ, ಅದು ನಮ್ಮ ಊರಿನ ಕತೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರ ಬಗ್ಗೆ ಅಲ್ಲಿ ಪ್ರಬಂಧ ಬರೆಯಬೇಕಾಗಿಲ್ಲ. ಅರ್ಥವನ್ನು ಕಂಸದಲ್ಲಿ ಕೊಡಬೇಡಿ, ಎದುರಿನವರ ಉತ್ತರದಲ್ಲಿ ಬರಲಿ. ಆಳು ‘ಏಪ ಬತ್ತಿನಿ?’ ಎಂದು ಕೇಳಿ, ಹುಡುಗ ‘ಬೆಳಗಿನ ಬಸ್ಸಿಗೇ ಬಂದೆ’ ಎಂದರೆ ಮೈಸೂರಿನವರಿಗೂ ತಿಳಿಯುತ್ತದೆ.

ಪ್ರಶ್ನೆ: ಪದ್ಯಕ್ಕೆ ಪ್ರಾಸ ಬೇಕೇ ಬೇಕೇ? ನನ್ನ ‘ಅಡಿಕೆ’ ಪದ್ಯ ನೋಡಿ ಹೇಳಿ.
– ಓದುಗ, ಕುಂಬಳೆ

ಉತ್ತರ: ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟು ಬರೆದರು. ಅವರು ಬಿಟ್ಟದ್ದು ಸಾಲಿನ ಎರಡನೇ ಅಕ್ಷರದ ಪ್ರಾಸ, ನಿಮ್ಮದು ಸಾಲಿನ ಕೊನೆಯದ್ದು. ಆದರೆ ನೋಡಬೇಕಾದದ್ದು ಒಂದೇ: ಆ ಪದ ಪದ್ಯಕ್ಕೆ ಬೇಕಾಗಿ ಬಂತೋ, ಪ್ರಾಸಕ್ಕಾಗಿ ಬಂತೋ? ನಿಮ್ಮ ‘ಇಳೆ’ ಮಳೆಗೆ ಜೋಡಿಯಾಗಲು ಮಾತ್ರ ಬಂದದ್ದು. ಅಡಿಕೆ ಉದುರಿದ್ದು ಇಳೆಗಲ್ಲ, ಮರದ ಬುಡಕ್ಕೆ. ‘ಕೊಳೆ’ ಇರಲಿ. ಬಿಡದೆ ಸುರಿಯುವ ಮಳೆಗೇ ಅಡಿಕೆಗೆ ಬರುವ ರೋಗ ಅದು, ಆ ಪ್ರಾಸ ತೋಟದಲ್ಲೇ ಹುಟ್ಟಿದೆ. ‘ಇಳೆ’ಯ ಸಾಲನ್ನು ತಿದ್ದಿ ಇನ್ನೊಮ್ಮೆ ಕಳಿಸಿ.