ಹೆಸರೇ ಕೇಳದ ಕಾಯಿಲೆ

ಪ್ರಶ್ನೆ: ಅಕ್ಕಾ, ನನಗೆ ಮಯಸ್ತೇನಿಯಾ ಗ್ರೇವಿಸ್ ಅನ್ನೋ, ಸ್ನಾಯುಗಳು ಬೇಗ ಸೋಲುವ ಕಾಯಿಲೆ ಇದೆ. ಜ್ವರ ಅಂತ ಆಸ್ಪತ್ರೆಗೆ ಹೋದರೆ, ಇದರ ಹೆಸರೇ ಕೇಳಿಲ್ಲ ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ತಂಗಿ, ನನಗೂ ಅದೇ ಕಾಯಿಲೆ. ವಿಜಯಪುರದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವಾಗ ನಾಲ್ಕನೇ ರೊಟ್ಟಿಗೇ ಕೈ ಸೋಲುತ್ತಿತ್ತು. ಸಂಜೆಗೆ ಎಡಗಣ್ಣಿನ ರೆಪ್ಪೆ ತಾನೇ ಇಳಿಯುತ್ತಿತ್ತು. ಒಬ್ಬ ಡಾಕ್ಟರು 'ಸುಮ್ನೆ ಟೆನ್ಷನ್' ಅಂದರು. ಆ ಮಾತು ಇನ್ನೂ ನೋಯಿಸುತ್ತದೆ. ಇನ್ನೊಬ್ಬರು ರೆಪ್ಪೆ ಮೇಲೆ 2 ನಿಮಿಷ ಐಸ್ ಇಟ್ಟರು, ಕಣ್ಣು ತೆರೆಯಿತು, ಕಾಯಿಲೆಯ ಸುಳಿವು ಸಿಕ್ಕಿತು! ಅವತ್ತು ಅಲ್ಲೇ ಅತ್ತುಬಿಟ್ಟೆ.

ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೋ. ಕಾಯಿಲೆಯ ಹೆಸರು, ಅದಕ್ಕೆ ತಗೊಳ್ಳುವ ಪಿರಿಡೋಸ್ಟಿಗ್ಮಿನ್ ಮಾತ್ರೆಯ ಹೊತ್ತು ಬರೆದಿರಲಿ. ಜೆಂಟಾಮೈಸಿನ್, ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ಔಷಧಿಗಳು ನಮ್ಮ ನಿಶ್ಶಕ್ತಿ ಜಾಸ್ತಿ ಮಾಡಬಹುದು, ಅದೂ ಇರಲಿ. ಇಂಜೆಕ್ಷನ್‌ಗೆ ಮೊದಲೇ ತೋರಿಸು, ಸಂಕೋಚ ಬೇಡ. ಆದರೆ ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡ. ಆಗಲೇ ದೊಡ್ಡ ಆಸ್ಪತ್ರೆಗೆ ಹೊರಡು.