ಕಾಯಿಲೆ ಮಿದುಳಿನಲ್ಲಿ, ಪರೀಕ್ಷೆ ಕೈಕಾಲಿನ ನರಕ್ಕೆ ಯಾಕೆ?

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನಿಗೆ 28 ವರ್ಷ. ಭೇದಿ ಶುರುವಾಗಿ ವಾಸಿಯಾದ ಒಂದು ವಾರಕ್ಕೆ ಎಲ್ಲ ಎರಡೆರಡು ಕಾಣುತ್ತಿದೆ ಅಂದ. ಸಂಜೆಗೆ ತೂರಾಡುತ್ತಾ ನಡೆಯತೊಡಗಿದ, ಮರುದಿನ ಕೂಗಿದರೂ ಸರಿಯಾಗಿ ಕಣ್ಣು ಬಿಡದಷ್ಟು ಮಂಪರು. ಬಿಕರ್‌ಸ್ಟಾಫ್ ಎನ್ಸೆಫಲೈಟಿಸ್, ಅಂದರೆ ಮಿದುಳಿನ ಬುಡದ ಉರಿಯೂತ, ಇರಬೇಕು ಅಂದರು. ಎಂಆರ್‌ಐ ನಾರ್ಮಲ್ ಬಂತು. ಆಮೇಲೆ ಕೈಕಾಲಿಗೆ ಕರೆಂಟ್ ಕೊಟ್ಟು ನರದ ಪರೀಕ್ಷೆ ಮಾಡಿದರು, ಅದೂ ನಾರ್ಮಲ್. ಈಗ ಇನ್ನೊಮ್ಮೆ ಮಾಡಬೇಕಂತೆ. ಎಲ್ಲ ನಾರ್ಮಲ್ ಅಂದ ಮೇಲೆ ಅಷ್ಟು ದುಬಾರಿ ಔಷಧಿ ಯಾಕೆ? ಕಾಯಿಲೆ ಬೇರೆಯೇನೋ ಇರಬಹುದಾ?

ಉತ್ತರ: ಮೊದಲಿಗೆ ಒಂದು ಮಾತು. ರಿಪೋರ್ಟ್ ನಾರ್ಮಲ್ ಬಂತು ಅಂತ ಚಿಕಿತ್ಸೆ ನಿಲ್ಲಿಸಲು ಹೇಳಬೇಡಿ. ನಿಮ್ಮ ಗಾಬರಿ ಅರ್ಥವಾಗುತ್ತದೆ, ಆದರೆ ಈ ಕಾಯಿಲೆಯನ್ನು ಗುರುತಿಸುವುದು ರಿಪೋರ್ಟ್ ನೋಡಿ ಅಲ್ಲ, ರೋಗಿಯನ್ನು ನೋಡಿ. ಎರಡೂ ಕಣ್ಣುಗಳ ಚಲನೆ ಕುಂದುವುದು, ನಡಿಗೆ ತೂರಾಡುವುದು, ಜೊತೆಗೆ ಮಂಪರು ಇಲ್ಲವೇ ಮೊಣಕಾಲು ತಟ್ಟಿದಾಗ ಕಾಲು ಅತಿಯಾಗಿ ಚಿಮ್ಮುವುದು, ಇವೆಲ್ಲ ಕೆಲವೇ ದಿನಗಳಲ್ಲಿ ಒಟ್ಟಿಗೆ ಬಂದರೆ ಅನುಮಾನ ಇತ್ತ ತಿರುಗುತ್ತದೆ. ಎಡ್ವಿನ್ ಬಿಕರ್‌ಸ್ಟಾಫ್ ಮತ್ತು ಫಿಲಿಪ್ ಕ್ಲೋಕ್ 1951ರಲ್ಲಿ ಇದನ್ನು ವಿವರಿಸಿದಾಗ ಎಂಆರ್‌ಐ ಎಂಬುದೇ ಇರಲಿಲ್ಲ. ಜಪಾನಿನ ವೈದ್ಯರು 62 ರೋಗಿಗಳನ್ನು ಪರಿಶೀಲಿಸಿ 2003ರಲ್ಲಿ ಬರೆದ ವರದಿಯಲ್ಲಿ ಎಂಆರ್‌ಐನಲ್ಲಿ ದೋಷ ಕಂಡದ್ದು ಸುಮಾರು ಶೇ. 30 ಜನರಲ್ಲಿ ಮಾತ್ರ. ಅಂದರೆ ನಿಮ್ಮ ತಮ್ಮನ ಎಂಆರ್‌ಐ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಈಗ ಕೈಕಾಲಿನ ವಿಷಯ. ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ದಾರಿ ತಪ್ಪಿ ನಮ್ಮದೇ ನರಗಳ ಮೇಲೆ ಬೀಳುವುದು ಈ ಕಾಯಿಲೆಯ ಮೂಲ. ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಹೊರಪದರದಲ್ಲಿರುವ ಕೆಲವು ಅಣುಗಳು ನರದ ಮೇಲಿರುವ ಅಣುಗಳನ್ನೇ ಹೋಲುತ್ತವೆ, ತೊಂದರೆ ಶುರುವಾಗುವುದು ಅಲ್ಲಿಂದ. ಈ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ರಕ್ತದಲ್ಲಿ ಜಿಕ್ಯೂ1ಬಿ ಎಂಬ ಅಣುವಿನ ವಿರುದ್ಧದ ಪ್ರತಿಕಾಯ ಸಿಗುತ್ತದೆ. ಕಣ್ಣನ್ನು ಆಡಿಸುವ ನರಗಳಲ್ಲಿ ಆ ಅಣು ಜಾಸ್ತಿ ಇದೆ, ಅದಕ್ಕೇ ಮೊದಲು ಕಣ್ಣಿನ ತೊಂದರೆ. ಆದರೆ ಇದೇ ಕುಟುಂಬದ ಕಾಯಿಲೆಗಳು ಇನ್ನೂ ಇವೆ. ಮಿದುಳು ಕಾಂಡ (ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಬುಡದ ಭಾಗ) ಹೆಚ್ಚು ನೊಂದರೆ ಬಿಕರ್‌ಸ್ಟಾಫ್, ಮಂಪರಿಲ್ಲದೆ ಕಣ್ಣು ಮತ್ತು ನಡಿಗೆ ಮಾತ್ರ ಕೆಟ್ಟರೆ ಮಿಲ್ಲರ್ ಫಿಷರ್, ಕೈಕಾಲಿನ ಬಲವೇ ಹೋದರೆ ಗಿಯಾನ್ ಬಾರೆ. ಇವುಗಳ ನಡುವೆ ಗಟ್ಟಿ ಗೋಡೆ ಇಲ್ಲ, ಒಬ್ಬರಲ್ಲೇ ಎರಡು ಸೇರಿರಬಹುದು. ಆ ಜಪಾನಿನ ರೋಗಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಜನರ ಕೈಕಾಲು ಬಲ ಕಳೆದುಕೊಂಡಿದ್ದವು.

ನಿಮ್ಮ ತಮ್ಮ ಮಂಪರಿನಲ್ಲಿದ್ದಾರೆ ಅಲ್ವಾ, ಈ ಪರೀಕ್ಷೆಯ ನಿಜವಾದ ಉಪಯೋಗ ಅಲ್ಲೇ ಇದೆ. ಎಚ್ಚರವಿರುವವರಿಗೆ ಕೈ ಎತ್ತಿ, ಕಾಲಿಂದ ಒತ್ತಿ ಅಂತ ಹೇಳಿ ಬಲ ಅಳೆಯಬಹುದು. ಮಂಪರಿನಲ್ಲಿರುವವರು ಕೈ ಎತ್ತದಿದ್ದರೆ ಅದು ಬಲವಿಲ್ಲದ್ದಕ್ಕೋ, ಮಾತು ಕೇಳಿಸದ್ದಕ್ಕೋ? ಹೊರಗಿನಿಂದ ನೋಡಿ ಹೇಳುವುದು ಕಷ್ಟ. ನರಕ್ಕೆ ಒಂದು ಚಿಕ್ಕ ವಿದ್ಯುತ್ ಮಿಡಿತ ಕೊಟ್ಟು, ಅದು ಮುಂದೆ ಎಷ್ಟು ಬೇಗ ತಲುಪುತ್ತದೆ, ಎಷ್ಟು ದೊಡ್ಡ ಅಲೆಯಾಗಿ ಕಾಣುತ್ತದೆ ಎಂದು ಅಳೆಯಲು ರೋಗಿಯ ಸಹಕಾರ ಬೇಕಿಲ್ಲ. ನರದ ಹೊದಿಕೆ ಕೆಟ್ಟರೆ ವೇಗ ಇಳಿಯುತ್ತದೆ, ಒಳಗಿನ ಎಳೆಯೇ ಕೆಟ್ಟರೆ ಅಲೆಯ ಎತ್ತರ ಕುಸಿಯುತ್ತದೆ. ಬಿಕರ್‌ಸ್ಟಾಫ್ ಜೊತೆಗೆ ಕೈಕಾಲೂ ಸೋತವರಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದು. ಹಾಗೇನಾದರೂ ಕಂಡರೆ ವೈದ್ಯರು ಉಸಿರಾಟದ ಮೇಲೆ ಇನ್ನೂ ಹೆಚ್ಚು ನಿಗಾ ಇಡುತ್ತಾರೆ, ಯಾಕೆಂದರೆ ಗಿಯಾನ್ ಬಾರೆಯಲ್ಲಿ ಉಸಿರಾಟದ ಸ್ನಾಯುಗಳೂ ಸೋಲಬಹುದು.

ಇನ್ನೊಮ್ಮೆ ಯಾಕೆ? ಶುರುವಿನ ಕೆಲವು ದಿನಗಳಲ್ಲಿ ನರಕ್ಕೆ ಪೆಟ್ಟು ಬಿದ್ದಿದ್ದರೂ ಅಳತೆ ಸರಿಯಾಗೇ ಬರಬಹುದು. ವಾರ ಎರಡು ವಾರ ಕಳೆದು ಮಾಡಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಆಗಲೂ ನಾರ್ಮಲ್ ಬಂದರೆ ಕೈಕಾಲಿನ ನರಗಳು ಬಚಾವಾಗಿವೆ ಎಂಬ ಭರವಸೆ ಹೆಚ್ಚುತ್ತದೆ. ಮಿದುಳು ಕಾಂಡಕ್ಕೆ ಏನೂ ಆಗಿಲ್ಲ ಅಂತ ಅದರಿಂದ ಹೇಳಲಾಗದು, ಈ ಪರೀಕ್ಷೆ ಅಲ್ಲಿಯವರೆಗೆ ನೋಡುವುದೇ ಇಲ್ಲ.

ಬೇರೆ ಕಾಯಿಲೆ ಇರಬಹುದಾ ಅಂತ ಕೇಳಿದ್ದೀರಿ, ಕೇಳಲೇಬೇಕಾದ ಪ್ರಶ್ನೆ ಅದು. ಬಿ1 ವಿಟಮಿನ್ ಕೊರತೆ, ಮಿದುಳು ಕಾಂಡದ ಪಾರ್ಶ್ವವಾಯು, ಮಿದುಳಿನ ಸೋಂಕು, ಇವೂ ಹೀಗೇ ಕಾಣಬಹುದು. ಅವನ್ನೆಲ್ಲ ಪಕ್ಕಕ್ಕಿಟ್ಟಾಯಿತಾ ಅಂತ ವೈದ್ಯರನ್ನು ನೇರವಾಗಿ ಕೇಳಿ, ಸಂಕೋಚ ಬೇಡ. ಇನ್ನು ಔಷಧಿ. ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಅಥವಾ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗ ತೆಗೆದು ಬೇರೆ ದ್ರವ ಕೊಡುವುದು) ಗಿಯಾನ್ ಬಾರೆಗೆ ಕೊಡುವ ಚಿಕಿತ್ಸೆಯೇ, ಅಲ್ಲಿ ಫಲ ಕೊಟ್ಟಿದ್ದರಿಂದ ಇಲ್ಲೂ ಕೊಡುತ್ತಾರೆ. ಬೇಗ ಶುರು ಮಾಡಿದಷ್ಟು ಒಳ್ಳೆಯದು, ಅದಕ್ಕೇ ಎರಡನೇ ಪರೀಕ್ಷೆಯ ತನಕ ಕಾಯುತ್ತಾ ಕೂರುವುದಿಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಒಮ್ಮೆ ಬಂದು ಹೋಗುವಂಥದ್ದು. ಶುರುವಿನಲ್ಲಿ ತುಂಬಾ ಹೆದರಿಸಿದರೂ ಬಹಳಷ್ಟು ಜನ ಕೆಲವು ತಿಂಗಳಲ್ಲಿ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಪ್ರಶ್ನೆ: ನನಗೂ ಈ ಕರೆಂಟಿನ ಪರೀಕ್ಷೆ ಬರೆದಿದ್ದಾರೆ. ತುಂಬಾ ನೋವಾಗುತ್ತಾ? ಉಪವಾಸ ಇರಬೇಕಾ?

ಉತ್ತರ: ಚುರುಕ್ ಅಂತ ಬಡಿದ ಹಾಗಾಗುತ್ತದೆ, ಕ್ಷಣದಲ್ಲಿ ಮುಗಿಯುತ್ತದೆ. ತಡೆಯಲಾಗದಿದ್ದರೆ ನಿಲ್ಲಿಸಿ ಅನ್ನಿ, ನಿಲ್ಲಿಸುತ್ತಾರೆ. ಉಪವಾಸ ಬೇಡ. ಆ ದಿನ ಕೈಕಾಲಿಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ, ಉಂಗುರ ತೆಗೆದಿಟ್ಟು ಹೋಗಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಕೈಕಾಲು ತಣ್ಣಗಿದ್ದರೆ ಅದನ್ನೂ ಹೇಳಿ. ಚರ್ಮದ ಬಿಸಿ ಒಂದು ಡಿಗ್ರಿ ಇಳಿದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಕಡಿಮೆ ತೋರಿಸುತ್ತದೆ, ಆಗ ಸರಿಯಾಗಿರುವ ನರವೂ ರಿಪೋರ್ಟಿನಲ್ಲಿ ಕೆಟ್ಟಂತೆ ಕಾಣುತ್ತದೆ. ಬಿಸಿ ಮಾಡಿಕೊಂಡೇ ಪರೀಕ್ಷೆ ಮಾಡಿ ಅಂತ ಕೇಳಿ.